ಕಿವಿ ಮುಟ್ಟಿದ ಕೈ

ನಮೂನೆಯಲ್ಲಿ ಇಪ್ಪತ್ತೆರಡು ಅಂಕಣಗಳಿದ್ದವು. ಸೇನೆಗೆ ಸೇರಬಯಸುವ ಯುವಕ ಯುವತಿಯರ ಮಾಹಿತಿಯನ್ನು ಅವುಗಳಲ್ಲಿ ತುಂಬಿ, ಕೊನೆಯ ಅಂಕಣದಲ್ಲಿ ‘ಅರ್ಹ’ ಅಥವಾ ‘ಅನರ್ಹ’ ಎಂದು ಬರೆಯುವುದು ನನಗೆ ವಹಿಸಿದ ಕೆಲಸ. ಅಂತಿಮ ನಿರ್ಧಾರ ಸೇನೆಯದೇ. ಆದರೆ ದಾಖಲೆ ಸರಿಯಿಲ್ಲದವರು ಅರ್ಜಿ ಹಾಕಿ, ತಿಂಗಳುಗಟ್ಟಲೆ ಓಡಿ, ಕಟ್ಟಕಡೆಗೆ ಕಾಗದ ಪರಿಶೀಲಿಸುವ ಮೇಜಿನ ಮುಂದೆ ನಿಂತು ಅಳುವುದು ಬೇಡವೆಂದು ಜಿಲ್ಲಾಡಳಿತದವರು ಈ ಮುಂಗಡ ಪರಿಶೀಲನೆಯನ್ನು ಇಟ್ಟುಕೊಂಡಿದ್ದರು. ಪಾಠ ಹೇಳುವುದನ್ನು ಬಿಟ್ಟು ಶಿಕ್ಷಣ ಇಲಾಖೆಯ ಕಚೇರಿಗೆ ಬಂದಿದ್ದ ನನ್ನನ್ನು ಮೂರು ವಾರಗಳ ಮಟ್ಟಿಗೆ ಅದಕ್ಕೆ ನಿಯೋಜಿಸಿದರು. ಸೋಮವಾರ, ಮಂಗಳವಾರ ಸಿಂಧನೂರು, ಬುಧವಾರ ಲಿಂಗಸುಗೂರು, ಗುರುವಾರ, ಶುಕ್ರವಾರ ಮಸ್ಕಿ. ಮೂರನೆಯ ವಾರದ ಮಂಗಳವಾರ ಸೇನೆಗೆ ಅರ್ಜಿ ಸಲ್ಲಿಸಲು ಕೊನೆಯ ದಿನ. ನಮ್ಮ ಮೇಜಿಗೂ ಅದೇ ಕೊನೆಯ ದಿನ.

ಜೊತೆಗಿದ್ದವರು ಒಬ್ಬ ನಿವೃತ್ತ ಸುಬೇದಾರರು. ಅವರ ಬಳಿ ಎತ್ತರ ಅಳೆಯುವ ಕೋಲು, ಟೇಪು, ಸೀಟಿ, ಸ್ಟಾಪ್‌ವಾಚು. ನನ್ನ ಬಳಿ ನಮೂನೆಗಳ ಕಟ್ಟು ಮತ್ತು ಎರಡು ಬಣ್ಣದ ಲೇಖನಿಗಳು. ಮೊದಲ ದಿನವೇ ನಮ್ಮಿಬ್ಬರಿಗೆ ಕ್ರಮದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂತು. ಜನ್ಮದಿನಾಂಕವನ್ನು ಮೊದಲು ನೋಡಬೇಕು, ಅಲ್ಲಿ ತಪ್ಪಿದರೆ ಉಳಿದ ಇಪ್ಪತ್ತೊಂದು ಅಂಕಣಗಳಿಗೆ ಶಾಯಿ ಖರ್ಚು ಮಾಡುವ ಅಗತ್ಯವಿಲ್ಲ ಎಂಬುದು ನನ್ನ ವಾದ.

“ಮಾಸ್ತರ್ರ, ಕಾಗದ ಓಡಂಗಿಲ್ಲ, ಕಾಲು ಓಡ್ತಾವ. ಮೊದ್ಲ ಓಡಿಸಿ ನೋಡೂಣ,” ಎಂದರು ಸುಬೇದಾರರು.

“ಓಡಿದ ಮೇಲೆ ಕಾಗದ ಸರಿಯಿಲ್ಲ ಎಂದಾದರೆ?”

“ಓಡಾಕ ಬರದಿದ್ರ ಆ ಕಾಗದ ತಗೊಂಡು ಏನ್ ಮಾಡ್ತೀರಿ, ಉಪ್ಪಿನಕಾಯಿ ಹಾಕ್ತೀರೇನು?”

ಬೆಳಗಿನ ತಂಪಿನಲ್ಲಿ ಓಟ, ಬಿಸಿಲೇರಿದ ಮೇಲೆ ಕಾಗದ ಎಂದು ರಾಜಿಯಾಯಿತು. ಬಂದವರಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯ ಅಂಕಪಟ್ಟಿ, ವಾಸಸ್ಥಳದ ಪ್ರಮಾಣಪತ್ರ, ಅವಿವಾಹಿತರೆಂಬ ಪ್ರಮಾಣಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ತರುತ್ತಿದ್ದರು. ವೈವಾಹಿಕ ಸ್ಥಿತಿಯೇನು ಎಂದು ಕೇಳಿದರೆ ಒಬ್ಬ ತರುಣ ತಲೆ ಕೆರೆದುಕೊಂಡು, “ನಿಶ್ಚಯ ಆಗೇತ್ರಿ ಸರ. ಅದಕ್ಕ ಏನಂತ ಬರೀತೀರಿ?” ಎಂದ. ‘ಅವಿವಾಹಿತ’ ಎಂದು ಬರೆದೆ. “ನಮ್ಮ ಮಾವ ಓದಿದ್ರ ಸಿಟ್ಟಿಗೇಳ್ತಾನ್ರಿ,” ಎಂದು ಅವನು ಪೇಚಾಡಿದ. ಅಂಥ ತಮಾಷೆಗಳಲ್ಲಿ ಮೊದಲ ದಿನ ಕಳೆಯಿತು.

ಆ ಹುಡುಗಿ ಬಂದದ್ದು ಎರಡನೆಯ ದಿನ, ಮಂಗಳವಾರ. ಹುಡುಗಿಯರ ಓಟವನ್ನು ಸಿಂಧನೂರಿನ ಮೈದಾನದಲ್ಲಿ ಮಾತ್ರ ಇಟ್ಟಿದ್ದುದರಿಂದ, ಮಸ್ಕಿಯ ಕಡೆಯ ಹಳ್ಳಿಯೊಂದರಿಂದ ಮೊದಲ ಬಸ್ಸು ಹಿಡಿದು ಬಂದಿದ್ದಳು. ಸೇನೆಯ ಮಹಿಳಾ ಪೊಲೀಸ್ ದಳಕ್ಕೆ ಸೇರಬೇಕೆಂಬುದು ಅವಳ ಆಸೆ. ಹಿಂದಿನ ವರ್ಷವೇ ಪ್ರಯತ್ನಿಸಬೇಕಾಗಿತ್ತು. ಪರೀಕ್ಷೆಯ ದಿನವೇ ಅಕ್ಕನ ನಿಕಾಹ್ ಬಂದುದರಿಂದ ಮನೆಯವರು ಕಳುಹಿಸಿರಲಿಲ್ಲ. ಒಟ್ಟು ಆರು ಹುಡುಗಿಯರು ನಾಲ್ಕು ಸುತ್ತು ಓಡಿದರು. ಮೂರನೆಯ ಸುತ್ತಿಗೆ ಅವಳು ಉಳಿದವರಿಂದ ಅರ್ಧ ಮೈದಾನ ಮುಂದಿದ್ದಳು.

“ಏಳು ನಿಮಿಷ ಹತ್ತು ಸೆಕೆಂಡ್!” ಸುಬೇದಾರರು ಸ್ಟಾಪ್‌ವಾಚನ್ನು ನನ್ನ ಮೂಗಿನ ತನಕ ತಂದರು. “ಕಾಲುವಿಗೆ ನೀರ್ ಬಿಟ್ಟಂಗ ಓಡ್ತಾಳ್ರಿ. ಬರ್ಕೊಳ್ರಿ ಮಾಸ್ತರ್ರ, ಬರ್ಕೊಳ್ರಿ.”

ಎತ್ತರ ನೂರ ಅರವತ್ತೈದು ಸೆಂಟಿಮೀಟರ್. ಬೇಕಾದುದಕ್ಕಿಂತ ಮೂರು ಹೆಚ್ಚು. ಆದರೆ ಅವಳು ಕಾಗದಗಳನ್ನು ತಂದಿರಲಿಲ್ಲ. ಗುರುವಾರ ಮಸ್ಕಿಗೆ ತಾಯಿಯೊಡನೆ ತರುತ್ತೇನೆ ಎಂದಳು. ಸುಬೇದಾರರ ಒತ್ತಾಯಕ್ಕೆ ಎತ್ತರವನ್ನೂ ಓಟದ ಸಮಯವನ್ನೂ ಬರೆದುಕೊಂಡೆ. ಜನ್ಮದಿನಾಂಕದ ಅಂಕಣ ಖಾಲಿ ಉಳಿಯಿತು. ಇಷ್ಟು ವರ್ಷಗಳಲ್ಲಿ ನನ್ನ ಯಾವ ವಹಿಯಲ್ಲೂ ಖಾಲಿ ಮನೆ ಬಿಟ್ಟವನಲ್ಲ ನಾನು. ಆ ಸಾಲನ್ನು ನೋಡುವಾಗಲೆಲ್ಲ ಕಸಿವಿಸಿಯಾಗುತ್ತಿತ್ತು.

ಮಸ್ಕಿಯಲ್ಲಿ ನಮ್ಮ ಮೇಜನ್ನು ಒಂದು ಸಮುದಾಯ ಭವನದ ಜಗಲಿಯ ಮೇಲೆ ಹಾಕಿದ್ದರು. ಗುರುವಾರ ಹನ್ನೊಂದರ ಸುಮಾರಿಗೆ ಹುಡುಗಿಯೂ ಅವಳ ತಾಯಿಯೂ ಬಂದರು. ತಾಯಿ ನಾಟಿಗೂ ಕೊಯ್ಲಿಗೂ ಕೂಲಿಗೆ ಹೋಗುವ ಹೆಂಗಸು. ಬೆರಳಿನ ಗೆಣ್ಣುಗಳು ಕೆಸರಿಗೆ ಬಿರಿದಿದ್ದವು. ನಾನು ಅಂಕಪಟ್ಟಿಯನ್ನು ತೆಗೆದುಕೊಂಡು ಮೊದಲು ನೋಡಬೇಕಾದುದನ್ನು ಮೊದಲು ನೋಡಿದೆ. ಜೂನ್ ಒಂದು. ಅದೇ ವರ್ಷದ ಅಕ್ಟೋಬರ್ ಒಂದರಂದು ಅಥವಾ ಅನಂತರ ಹುಟ್ಟಿರಬೇಕೆಂಬುದು ನಿಯಮ. ಬೆರಳು ಮಡಚಿ ಎರಡು ಸಲ ಎಣಿಸಿದೆ. ನಾಲ್ಕು ತಿಂಗಳು ಹೆಚ್ಚಾಗಿತ್ತು.

“ಅಮ್ಮಾ, ವಯಸ್ಸು ಮೀರಿದೆ. ಅರ್ಜಿ ಹಾಕಲು ಬರುವುದಿಲ್ಲ,” ಎಂದೆ.

“ಯಾವ ಜೂನ್ ಒಂದ್ರಿ?” ತಾಯಿ ಮೇಜಿನ ಮೇಲೆ ಬಾಗಿದಳು. “ಈಕಿ ಹುಟ್ಟಿದ್ದು ರಂಜಾನ್ ಆಗಿ ಮೂರನೇ ದಿನಕ್ಕ. ನೆಲ್ಲು ಕೊಯ್ಲು ನಡದಿತ್ತು. ಹೊಲದಾಗ ಬ್ಯಾನಿ ಎದ್ದು, ಮನೀಗಿ ಬರೂದ್ರಾಗ ಹುಟ್ಟೇ ಬಿಟ್ಟಾಳ.”

“ರಂಜಾನ್ ವರ್ಷ ವರ್ಷವೂ ಹನ್ನೊಂದು ದಿನ ಹಿಂದೆ ಸರಿಯುತ್ತದಮ್ಮಾ. ಅದನ್ನು ಹಿಡಿದು ತಿಂಗಳು ಹೇಳಲಾಗದು.”

“ರಂಜಾನ್ ಸರೀತತಿ. ನೆಲ್ಲು ಸರಿಯಂಗಿಲ್ಲಲ್ರಿ.”

ಸುಬೇದಾರರು ಪಕ್ಕದಲ್ಲಿ ಕೆಮ್ಮಿ ನಗು ನುಂಗಿದರು. ನಾನು ಫೋನಿನಲ್ಲಿ ಆ ವರ್ಷದ ಪಂಚಾಂಗವನ್ನು ತೆಗೆದೆ. ರಂಜಾನ್ ಹಬ್ಬ ನವೆಂಬರಿನ ನಡುವೆ ಬಿದ್ದಿತ್ತು. ಮುಂಗಾರಿನ ಭತ್ತ ಕೊಯ್ಲಿಗೆ ಬರುವುದೂ ಆಗಲೇ. ತಾಯಿಯ ಲೆಕ್ಕ ನನ್ನ ಲೆಕ್ಕಕ್ಕಿಂತ ಗಟ್ಟಿಯಾಗಿತ್ತು. ಹುಡುಗಿ ನಿಜವಾಗಿ ಅರ್ಹಳು. ಆದರೆ ಕಾಗದದಲ್ಲಿ ಅಲ್ಲ.

“ಹಾಗಾದರೆ ಶಾಲೆಗೆ ಸೇರಿಸುವಾಗ ಜೂನ್ ಒಂದು ಎಂದು ಏಕೆ ಬರೆಸಿದಿರಿ?”

“ನಾ ಎಲ್ಲಿ ಬರಸೀನ್ರಿ? ಮಾಸ್ತರು ಬರ್ಕೊಂಡ್ರು. ಇನ್ನಾ ಆರು ತುಂಬಿಲ್ಲ ಅಂತ ಹೇಳ್ದೆ. ಅವ್ರು ಈಕಿ ಬಲಗೈ ಹಿಡದು, ತಲಿ ಮ್ಯಾಲಿಂದ ಎಡಗಿವಿಗಿ ಮುಟ್ಟಿಸಿ ನೋಡಿದ್ರು. ಕೈ ಮುಟ್ಟೇತಿ, ಆರು ತುಂಬ್ಯಾವ ಅಂದ್ರು. ಈಕಿ ಕೈ ಉದ್ದ ಅದಾವ್ರಿ, ವಯಸ್ಸಲ್ಲ ಅಂದ್ರೂ ಕೇಳಲಿಲ್ಲ.”

ಹುಟ್ಟಿದ ದಿನ ಎಲ್ಲಿಯೂ ದಾಖಲಾಗದ ಮಕ್ಕಳಿಗೆ ನಮ್ಮ ಶಾಲೆಗಳಲ್ಲಿ ಇದ್ದ ಅಳತೆ ಅದು. ಬಲಗೈ ತಲೆಯ ಮೇಲಿನಿಂದ ಬಂದು ಎಡಗಿವಿಯನ್ನು ಮುಟ್ಟಿದರೆ ಮಗುವಿಗೆ ಆರು ವರ್ಷ. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಮುಟ್ಟಿದವರಿಗೆಲ್ಲ ಶಾಲೆ ಆರಂಭವಾಗುವ ಜೂನ್ ಒಂದನ್ನೇ ಜನ್ಮದಿನಾಂಕವೆಂದು ಬರೆದರೆ ಆರು ವರ್ಷದ ಲೆಕ್ಕ ಒಂದು ದಿನವೂ ಆಚೀಚೆಯಾಗದೆ ಸರಿಹೋಗುತ್ತಿತ್ತು. ಇದನ್ನು ನಾನು ಇತರರಿಂದ ಕೇಳಿ ತಿಳಿದದ್ದಲ್ಲ, ನಾನೇ ಮಾಡುತ್ತಿದ್ದೆ. ಹಳ್ಳಿ ಯಾವುದೆಂದು ಕೇಳಿದೆ. ಹೇಳಿದಳು. ಅಲ್ಲಿ ನಾನು ನಾಲ್ಕು ವರ್ಷ ಮಾಸ್ತರನಾಗಿದ್ದೆ. ಅವಳು ಸೇರಿದ ವರ್ಷದ ಕೊನೆಗೆ ನನಗೆ ವರ್ಗವಾಗಿತ್ತು.

ನನ್ನ ಮುಖ ನೋಡಿ ತಾಯಿಗೆ ಅರ್ಥವಾಗಿರಬೇಕು. “ಆಗ ನಿಮಗ ಚಾಳೀಸು ಇರಲಿಲ್ರಿ,” ಎಂದಳು ನನ್ನ ಕನ್ನಡಕವನ್ನು ನೋಡುತ್ತ. ದನಿಯಲ್ಲಿ ಆಪಾದನೆ ಇರಲಿಲ್ಲ. “ಇಲ್ಲಿ ಮೆಟ್ಟಲ ಹತ್ತೂಮುಂದ ಗುರ್ತು ಹಿಡದೀನಿ. ಬರದವ್ರ ಮುಂದನ ಬಂದೀವಿ, ಅವ್ರ ತಿದ್ತಾರ ಅಂತ ಧೈರ್ಯ ಬಂತು.”

“ಅಮ್ಮೀ, ಹೋಗ್ಲಿ ಬಿಡು,” ಎಂದಳು ಹುಡುಗಿ.

“ಚುಪ್ ಬೈಠ್,” ಎಂದು ಅವಳನ್ನು ಗದರಿಸಿ, ತಾಯಿ ನನ್ನನ್ನೇ ನೋಡಿದಳು. “ಒಂದ್ ಗೀಟ್ ಎಳದು ನವೆಂಬರ್ ಅಂತ ಬರೀರಿ ಸರ. ನಿಮ್ಮ ಅಕ್ಷರನ ಅಲ್ಲೇನು?”

ಶಾಲೆಯ ವಹಿಯಲ್ಲಿ ನಾನು ಬರೆದದ್ದು ಅಲ್ಲಿಂದ ವರ್ಗಾವಣೆ ಪತ್ರಕ್ಕೂ, ಅದರಿಂದ ಅಂಕಪಟ್ಟಿಗೂ, ಅದರಿಂದ ಆಧಾರ್ ಕಾರ್ಡಿಗೂ ಇಳಿದುಹೋಗಿದೆ, ಈಗ ಅದು ನನ್ನ ಅಕ್ಷರವಲ್ಲ, ಸರ್ಕಾರದ ಅಕ್ಷರ ಎಂಬುದನ್ನು ಆಕೆಗೆ ಬಿಡಿಸಿ ಹೇಳಲು ಯತ್ನಿಸಿದೆ. ಹೇಳುತ್ತಿದ್ದ ಹಾಗೆ ನನ್ನ ವಾಕ್ಯಗಳು ಎಷ್ಟು ಸರಿಯಾಗಿದ್ದವೋ ಅಷ್ಟೇ ನಿರುಪಯುಕ್ತವಾಗಿ ಕೇಳಿಸಿದವು. ಏನಾದರೂ ದಾರಿ ಹುಡುಕುತ್ತೇನೆಂದು ಹೇಳಿ ಕಳುಹಿಸಿದೆ.

ಮರುದಿನ ಊಟದ ಬಿಡುವಿನಲ್ಲಿ ಸುಬೇದಾರರ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಆ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಕಬ್ಬಿಣದ ಕಪಾಟಿನಿಂದ ದಾಖಲಾತಿ ವಹಿಯನ್ನು ತೆಗೆದು, ಧೂಳು ಒರೆಸಿ ಮುಂದಿಟ್ಟರು. “ನಿಮ್ಮ ಅಕ್ಷರ ನೋಡ್ರಿ ಸರ, ಮುತ್ತು ಪೋಣಿಸಿದಂಗ. ಹೊಸದಾಗಿ ಬಂದ ಶಿಕ್ಷಕರಿಗೆ ನಾ ಇದನ್ನ ತೋರಿಸ್ತೀನಿ, ವಹಿ ಅಂದ್ರ ಹಿಂಗಿರಬೇಕು ಅಂತ.”

ಆ ವರ್ಷದ ಪುಟದಲ್ಲಿ ಒಂಬತ್ತು ಮಕ್ಕಳು. ಒಬ್ಬರ ಕೆಳಗೊಬ್ಬರಂತೆ ಒಂಬತ್ತು ಸಲ ಜೂನ್ ಒಂದು. ಒಂದು ತಿದ್ದುಪಡಿಯಿಲ್ಲ, ಒಂದು ಚಿತ್ತಿಲ್ಲ. ಹುಡುಗಿಯ ಹೆಸರು ಏಳನೆಯ ಸಾಲಿನಲ್ಲಿತ್ತು. ‘ಜನ್ಮದಿನಾಂಕಕ್ಕೆ ಆಧಾರ’ ಎಂಬ ಅಂಕಣದಲ್ಲಿ ನಾನು ‘ತಾಯಿಯ ಹೇಳಿಕೆ’ ಎಂದು ಬರೆದಿದ್ದೆ. ಅದರ ಪಕ್ಕದಲ್ಲಿ ಆ ತಾಯಿಯ ಹೆಬ್ಬೆಟ್ಟಿನ ಗುರುತು.

ಅಲ್ಲಿಯವರೆಗೆ ನಾನು ಒಂದು ಸಮಾಧಾನವನ್ನು ಇಟ್ಟುಕೊಂಡಿದ್ದೆ: ತಾಯಿ ಕೂಲಿಗೆ ಹೋದಾಗ ಬಿಸಿಲಲ್ಲಿ ಅಲೆಯುವ ಮಗು ಶಾಲೆಯ ನೆರಳಿಗೆ, ಮಧ್ಯಾಹ್ನದ ಊಟಕ್ಕೆ ಬರಲಿ ಎಂದು ಸೇರಿಸಿಕೊಂಡೆ ಎಂದು. ಅದು ಸುಳ್ಳಲ್ಲ. ಆದರೆ ಆ ವರ್ಷ ಒಂದನೆಯ ತರಗತಿಗೆ ಮಕ್ಕಳು ಕಡಿಮೆಯಾಗಿ, ಮೇಲಿನಿಂದ ಒತ್ತಡವಿದ್ದದ್ದೂ ಸುಳ್ಳಲ್ಲ. ಎರಡೂ ಕಾರಣಗಳಿಗಾಗಿ ಮಗು ಬೇಕಾಗಿತ್ತು. ತಾಯಿಯ ಮಾತು ಬೇಕಾಗಿರಲಿಲ್ಲ. ಆಕೆ ಹೇಳದ ಮಾತನ್ನು ಆಕೆಯ ಹೇಳಿಕೆಯೆಂದು ಬರೆದು, ಅದರ ಮೇಲೆ ಆಕೆಯ ಹೆಬ್ಬೆಟ್ಟನ್ನೇ ಒತ್ತಿಸಿದ್ದೆ. ಪುಟದ ದೃಢೀಕೃತ ನಕಲು ಪಡೆದು ಹಿಂದಿರುಗಿದೆ.

ಎರಡನೆಯ ವಾರದ ಬುಧವಾರ ತಾಯಿಯನ್ನು ಲಿಂಗಸುಗೂರಿಗೆ ಕರೆಸಿಕೊಂಡೆ. ಮೂರೂ ತಾಲ್ಲೂಕುಗಳಿಗೆ ಉಪವಿಭಾಗದ ಕಚೇರಿ ಇರುವುದು ಅಲ್ಲಿಯೇ. ವರ್ಷಗಳ ಹಿಂದಿನ ಜನನವನ್ನು ತಡವಾಗಿ ನೋಂದಾಯಿಸುವ ಆದೇಶ ಅಲ್ಲಿಂದ ಆಗಬೇಕು. ಸಂಬಂಧಪಟ್ಟ ಗುಮಾಸ್ತರು ನಕಲನ್ನು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಮಾಸ್ತರ್ರ, ನಿಮ್ಮ ಹುಟ್ಟಿದ ತಾರೀಖು ಎಷ್ಟ್ರಿ?”

ಹೇಳಿದೆ: “ಜೂನ್ ಒಂದು.”

“ನಂದೂ ಜೂನ್ ಒಂದ. ಆ ಮೂಲ್ಯಾಗ ಕುಂತಾರಲ್ಲ, ಅವ್ರದೂ ಜೂನ್ ಒಂದ. ಸಾಹೇಬ್ರ ಡ್ರೈವರಂದೂ ಜೂನ್ ಒಂದ. ಒಂದ ಕೇಕ್ ತಂದ್ರ ಇಡೀ ಆಫೀಸಿಂದು ಮುಗೀತತಿ.”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಬಾಗಿಲ ಬಳಿ ನಿಂತಿದ್ದ ತಾಯಿಯೂ, ಕೆಲಸ ಸಲೀಸಾಗಿ ಆಗುತ್ತಿದೆಯೆಂದು ಭಾವಿಸಿರಬೇಕು, ನಕ್ಕಳು.

ಗುಮಾಸ್ತರು ಒಳ್ಳೆಯವರು. ದಾರಿಯನ್ನು ಮುಚ್ಚಿಡದೆ ಹೇಳಿದರು. ಮೊದಲು ಇಲ್ಲಿ ಅರ್ಜಿ. ಆಮೇಲೆ ಜನನ ದಾಖಲಾಗಿಲ್ಲವೆಂಬ ಪತ್ರ, ತಹಶೀಲ್ದಾರರ ವರದಿ, ಆಕ್ಷೇಪಣೆಗೆ ಕಾಲಾವಕಾಶ, ಆದೇಶ. ಅದರಿಂದ ಜನನ ಪ್ರಮಾಣಪತ್ರ ಸಿಕ್ಕಿತು ಎನ್ನೋಣ, ಅಂಕಪಟ್ಟಿ ಬದಲಾಗುವುದಿಲ್ಲ. ಅದಕ್ಕೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ಡಿಕ್ರಿ ತರಬೇಕು. ಆ ಡಿಕ್ರಿ ಹಿಡಿದು ಪರೀಕ್ಷಾ ಮಂಡಳಿಗೆ ಹೋಗಬೇಕು. ಸೇನೆಯವರು ನೋಡುವುದು ಅಂಕಪಟ್ಟಿಯನ್ನು.

“ಎಷ್ಟು ದಿನ ಹಿಡಿಯುತ್ತದೆ?”

“ಎಲ್ಲಾ ಬರೋಬ್ಬರಿ ನಡದ್ರ ಒಂದ್ ವರ್ಷ. ಎಲ್ಲಾ ಬರೋಬ್ಬರಿ ಎಲ್ಲಿ ನಡೀತತಿ, ನೀವ ಹೇಳ್ರಿ.”

ಒಂದು ವರ್ಷದ ನಂತರ ಅವಳ ನಿಜವಾದ ಜನ್ಮದಿನಾಂಕಕ್ಕೂ ವಯೋಮಿತಿ ಮೀರಿರುತ್ತದೆ. ಸತ್ಯ ಸಾಬೀತಾಗುವ ಹೊತ್ತಿಗೆ ಅದರಿಂದ ಉಪಯೋಗವಿರುವುದಿಲ್ಲ. ಆದರೂ ಒಂದು ಹೇಳಿಕೆ ಬರೆದುಕೊಡುತ್ತೇನೆ ಎಂದೆ: ಆ ದಿನಾಂಕವನ್ನು ಯಾವ ಆಧಾರವೂ ಇಲ್ಲದೆ, ತಾಯಿಯ ಮಾತಿಗೆ ವಿರುದ್ಧವಾಗಿ, ನಾನೇ ಬರೆದೆನೆಂದು.

ಗುಮಾಸ್ತರು ದನಿ ತಗ್ಗಿಸಿದರು. “ವಿಚಾರ ಮಾಡ್ರಿ. ಇನ್ನಾ ನೌಕರಿ ಐತಿ ನಿಮ್ದು. ಒಂದು ಹುಡುಗೀದಂತ ಬರ್ದ್ರ, ಆ ಪುಟದಾಗ ಉಳದವ್ರದ್ದೇನು ಅಂತ ಕೇಳ್ತಾರ. ಆಮ್ಯಾಲೆ ನೀವಿದ್ದ ಉಳದ ಶಾಲಿಗಳದ್ದು.”

ಒಂದು ಕ್ಷಣ ವಿಚಾರ ಮಾಡಿದೆ. ಆಮೇಲೆ ಬರೆದೆ. ಒಂದು ಪುಟ, ಹನ್ನೊಂದು ವಾಕ್ಯ. ‘ತಾಯಿಯ ಹೇಳಿಕೆ ಎಂಬ ನಮೂದು ಸತ್ಯವಲ್ಲ’ ಎಂಬ ವಾಕ್ಯವೂ ಅದರಲ್ಲಿತ್ತು. ರುಜು ಹಾಕಿ, ಅರ್ಜಿಯೊಡನೆ ಕೊಟ್ಟು, ಸ್ವೀಕೃತಿ ಪಡೆದೆ.

ಹೊರಗೆ ಬಂದಾಗ ತಾಯಿ ಕೇಳಿದಳು, “ಆತೇನ್ರಿ?”

“ಅರ್ಜಿ ತೆಗೆದುಕೊಂಡರು.”

“ಹಂಗಾರ ಆತು,” ಎಂದಳು. ಮಂಗಳವಾರದೊಳಗೆ ಆಗುವುದಿಲ್ಲ ಎಂಬ ಮಾತನ್ನು ನಾನು ಬಸ್ ನಿಲ್ದಾಣದಲ್ಲಿ ಹೇಳಿದೆ. ಆಕೆ ತಲೆ ಅಲ್ಲಾಡಿಸಿ, ಬಹಳ ಹೊತ್ತು ಮಸ್ಕಿಯ ಬಸ್ಸು ಬರುವ ದಿಕ್ಕನ್ನೇ ನೋಡುತ್ತ ನಿಂತಳು.

ಮರುದಿನ ಮಸ್ಕಿಯಲ್ಲಿ ಆ ಹುಡುಗಿ ಇನ್ನೊಂದು ಉಪಾಯದೊಡನೆ ಬಂದಳು. ಅರ್ಜಿ ತುಂಬುವ ಆನ್‌ಲೈನ್ ಅಂಗಡಿಯವನು ಹೇಳಿಕೊಟ್ಟದ್ದಂತೆ: ಅರ್ಜಿಯಲ್ಲಿ ನವೆಂಬರ್ ಎಂದು ತುಂಬೋಣ, ಪರೀಕ್ಷೆ ಪಾಸಾಗಲಿ, ಕಾಗದದ ಮಾತು ಆಮೇಲೆ.

“ಬೇಡ,” ಎಂದೆ. “ಕಾಗದ ನೋಡುವ ದಿನ ಅಂಕಪಟ್ಟಿಗೂ ಅರ್ಜಿಗೂ ತಾಳೆಯಾಗುವುದಿಲ್ಲ. ಸುಳ್ಳು ಮಾಹಿತಿ ಕೊಟ್ಟವಳೆಂದು ಹೆಸರು ಕೆಡುತ್ತದೆ. ನಾಳೆ ಬೇರೆ ನೌಕರಿಗೂ ಅದು ಅಡ್ಡ ಬಂದೀತು.”

“ನವೆಂಬರ್ ಖರೇ ಐತಲ್ರಿ ಸರ?”

“ನಿಜ.”

“ಜೂನ್ ಸುಳ್ಳು?”

“ಹೌದು.”

“ಹಂಗಾರ ಸುಳ್ಳ ಬರದ್ರ ನಡೀತತಿ. ಖರೇ ಬರದ್ರ ಹೆಸರು ಕೆಡ್ತತಿ.”

ತರಗತಿಯಲ್ಲಿ ಇಂಥ ಪ್ರಶ್ನೆ ಬಂದಿದ್ದರೆ ‘ಕುಳಿತುಕೋ’ ಎಂದುಬಿಡುತ್ತಿದ್ದೆ. ಸುಬೇದಾರರು ತಮ್ಮ ಟೇಪನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕುಳಿತಿದ್ದರು. ಕೊನೆಗೆ ಅವರೇ, “ತಂಗೀ, ಮಾಸ್ತರು ಹೇಳೂದು ಬರೋಬ್ಬರಿ ಐತಿ. ಬರೋಬ್ಬರಿ ಇದ್ದದ್ದೆಲ್ಲಾ ಛಲೋ ಇರಂಗಿಲ್ಲ,” ಎಂದರು.

ಕೊನೆಯ ಮಂಗಳವಾರ ಸಿಂಧನೂರಿನಲ್ಲಿ ಜನಸಂದಣಿ ಹೆಚ್ಚಾಗಿತ್ತು. ಅವಳು ಬರುವುದಿಲ್ಲವೆಂದುಕೊಂಡಿದ್ದೆ, ಮೊದಲ ಬಸ್ಸಿಗೇ ಬಂದಿದ್ದಳು, ತಾಯಿಯೂ ಜೊತೆಗಿದ್ದಳು. ಹೊಸದಾಗಿ ಬಂದಿದ್ದ ನಾಲ್ವರು ಹುಡುಗಿಯರಿಗೆ ಓಟದ ವೇಗ ತಿಳಿಯಲೆಂದು ಸುಬೇದಾರರು ಅವಳನ್ನು ಅವರ ಮುಂದೆ ಓಡಿಸಿದರು. ಮೂರನೆಯ ಸುತ್ತಿನಲ್ಲಿ ಅವಳು ಹಿಂದಿರುಗಿ ನೋಡಿ, “ಏ, ಉಸಿರು ಬಾಯಾಗ ತಗೋಬ್ಯಾಡ, ಮೂಗಿನಾಗ ತಗೋ!” ಎಂದು ಕೂಗಿದ್ದು ಮೇಜಿನವರೆಗೂ ಕೇಳಿಸಿತು. ಸುಬೇದಾರರು ಸ್ಟಾಪ್‌ವಾಚನ್ನು ನೋಡಿ ಸುಮ್ಮನೆ ಕಿಸೆಗೆ ಹಾಕಿಕೊಂಡರು.

ಹನ್ನೆರಡಕ್ಕೆ ಅವಳು ಮೇಜಿನ ಬಳಿ ಬಂದಳು. “ಸರ, ನನ್ನ ಸಾಲು ಅರ್ಧಕ್ಕ ನಿಂತೈತಿ. ಪೂರ್ತಿ ಮಾಡ್ರಿ.”

ಜನ್ಮದಿನಾಂಕದ ಖಾಲಿ ಅಂಕಣದಲ್ಲಿ ಜೂನ್ ಒಂದು ಎಂದು ಬರೆದೆ. ಆ ಹುಡುಗಿಯ ವಿಷಯದಲ್ಲಿ ಅದೇ ಸುಳ್ಳನ್ನು ನನ್ನ ಕೈ ಎರಡನೆಯ ಸಲ ಬರೆಯುತ್ತಿತ್ತು. ಈ ಸಲ ತಿಳಿದು ತಿಳಿದು. ಕೊನೆಯ ಅಂಕಣದಲ್ಲಿ ‘ಅನರ್ಹ’, ಅದರ ಮುಂದೆ ‘ವಯೋಮಿತಿ ಮೀರಿದೆ’. ಅವಳು ತಲೆಕೆಳಗಾಗಿಯೇ ಅದನ್ನು ಓದಿಕೊಂಡು, ರುಜು ಹಾಕಿದಳು. ಆಗ ನೀಡಿದ ಬಲಗೈಯನ್ನು ನೋಡಿದೆ. ನಿಜಕ್ಕೂ ಉದ್ದವಾದ ಕೈ.

ತಾಯಿ ಹೋಗಲಿಲ್ಲ. ಸಾಲಿನಲ್ಲಿ ನಿಂತವರು ಗೊಣಗತೊಡಗಿದರೂ ಮೇಜಿನ ಅಂಚು ಹಿಡಿದೇ ನಿಂತಳು.

“ಸರ, ಈಕಿ ಹುಟ್ಟಿದ್ದು ಯಾವಾಗ ಅಂತ ಒಂದ್ ಚೀಟಿ ಮ್ಯಾಲೆ ಬರದು ಕೊಡ್ರಿ. ಮಿಲಿಟ್ರಿಗಿ ಅಲ್ಲ. ಖರೇ ಇದ್ದದ್ದು ಬರೀರಿ.”

ನಮೂನೆಯೊಂದರ ಹಿಂಬದಿಯನ್ನು ಮಡಚಿ ಹರಿದೆ. ಹುಡುಗಿಯ ಹೆಸರು, ತಾಯಿಯ ಹೆಸರು, ಹಳ್ಳಿ ಬರೆದೆ. ಆಮೇಲೆ ಲೇಖನಿ ಎತ್ತಿ, “ಯಾವ ದಿನ, ಇನ್ನೊಮ್ಮೆ ಹೇಳಮ್ಮಾ,” ಎಂದೆ.

“ರಂಜಾನ್ ಆಗಿ ಮೂರನೇ ದಿನ. ಹೊತ್ತು ನೆತ್ತಿಗಿ ಬಂದಿತ್ತು. ನೆಲ್ಲು ಕೊಯ್ಲು.”

ಪಂಚಾಂಗದಲ್ಲಿ ನೋಡಿಟ್ಟುಕೊಂಡಿದ್ದ ನವೆಂಬರಿನ ತಾರೀಖನ್ನು ಬರೆದು, ಆಕೆ ಹೇಳಿದ ಮಾತುಗಳನ್ನೂ ಆಕೆ ಹೇಳಿದ ಹಾಗೆಯೇ ಅದರ ಕೆಳಗೆ ಬರೆದೆ. ಕಡೆಯ ಸಾಲಿನಲ್ಲಿ ‘ಆಧಾರ: ತಾಯಿಯ ಹೇಳಿಕೆ’ ಎಂದು ಬರೆದು ರುಜು ಹಾಕಿದೆ.

ತಾಯಿ ಚೀಟಿಯನ್ನು ತಿರುಗಿಸಿ ನೋಡಿದಳು. “ಇದು ಎಲ್ಲೆಲ್ಲಿ ನಡೀತತ್ರಿ?”

“ಎಲ್ಲಿಯೂ ನಡೆಯುವುದಿಲ್ಲ, ಅಮ್ಮಾ.”

ಆಕೆ ಅದನ್ನು ನಾಲ್ಕಾಗಿ ಮಡಚಿ, ಅಂಕಪಟ್ಟಿಯಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು. ಸುಬೇದಾರರು ಮುಂದಿನವನನ್ನು ಕರೆದರು. ನಾನು ಹೊಸ ನಮೂನೆಯನ್ನು ತೆಗೆದುಕೊಂಡು, ಎದುರು ನಿಂತ ತರುಣನ ಅಂಕಪಟ್ಟಿಗೆ ಕೈ ಚಾಚುವ ಮೊದಲು ಅವನೊಡನೆ ಬಂದು ಹಿಂದೆ ನಿಂತಿದ್ದ ಮುದುಕಿಯನ್ನು ಕೇಳಿದೆ: “ಇವನು ಹುಟ್ಟಿದ್ದು ಯಾವಾಗ, ತಾಯಿ?”